ಆರ್ಕಿಡ್ ಗಿಡಕ್ಕೆ ತಕ್ಕ ಕುಂಡ

ಗಿಡವೊಂದನ್ನು ಮನೆಗೆ ತಂದವರು ಸಾಮಾನ್ಯವಾಗಿ ಮಾಡುವ ಮೊದಲ ಉಪಚಾರವೆಂದರೆ ಅದಕ್ಕೊಂದು ದೊಡ್ಡ ಕುಂಡವನ್ನು ಒದಗಿಸುವುದು. ತುಳಸಿ, ಗುಲಾಬಿ, ದಾಸವಾಳಗಳಿಗೆ ಈ ಉಪಚಾರ ಒಗ್ಗುತ್ತದೆ. ಬೇರು ಹರಡಲು ಸ್ಥಳ ದೊರೆತಷ್ಟೂ ಗಿಡ ಹುಲುಸಾಗಿ ಬೆಳೆಯುತ್ತದೆ ಎಂಬುದು ತಲೆಮಾರುಗಳಿಂದ ಬಂದ ಅನುಭವ. ಆದರೆ ಇದೇ ಉಪಚಾರವನ್ನು ಆರ್ಕಿಡ್ ಗಿಡಕ್ಕೆ ಮಾಡಿದಾಗ ಅದರ ಫಲ ಬೇರೆಯೇ ಆಗುತ್ತದೆ. ಕೆಲವೇ ತಿಂಗಳುಗಳಲ್ಲಿ ಎಲೆಗಳು ಸುಕ್ಕುಗಟ್ಟುತ್ತವೆ, ಬೇರುಗಳು ಕೊಳೆಯುತ್ತವೆ, ಕೊನೆಗೆ ಗಿಡ ಸಾಯುತ್ತದೆ. ಮನೆಗಳಲ್ಲಿ ಸಾಯುವ ಆರ್ಕಿಡ್ ಗಿಡಗಳಲ್ಲಿ ಬಹಳಷ್ಟು ಬಾಯಾರಿಕೆಯಿಂದ ಸಾಯುವುದಿಲ್ಲ. ಬೇರು ಕೊಳೆತು ಸಾಯುತ್ತವೆ. ಈ ಕೊಳೆತಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಒಂದು ಕುಂಡದ ಅಳತೆ ತಪ್ಪುವುದು.

ಈ ಮಾತು ಎಲ್ಲ ಊರುಗಳಿಗೂ ಅನ್ವಯಿಸುತ್ತದೆಯಾದರೂ ಕೊಂಕಣದ ಮಳೆಯ ಪಟ್ಟಿಯಲ್ಲಿರುವ ಊರುಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಮಹಾರಾಷ್ಟ್ರದ ಥಾಣೆ ಜಿಲ್ಲೆಯ ಭಿವಂಡಿ, ಕಲ್ಯಾಣ್, ಡೊಂಬಿವಲಿಗಳಲ್ಲಿ ಹಾಗೂ ನವಿ ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅನೇಕ. ಅಂಗಳವಿದ್ದ ಮನೆಗಳನ್ನು ಊರಿನಲ್ಲಿ ಬಿಟ್ಟು ಬಂದ ಇವರಿಗೆ ಇಲ್ಲಿ ದೊರೆತದ್ದು ಕಿಟಕಿಯ ಹೊರಗಿನ ಕಬ್ಬಿಣದ ಜಾಲರಿ ಅಥವಾ ಬಿಸಿಲು ಮಚ್ಚಿನ ಒಂದು ಮೂಲೆ. ಆ ಮೂಲೆಯಲ್ಲಿ ಇಂದು ತುಳಸಿಯ ಜೊತೆಗೆ ಒಂದೆರಡು ಆರ್ಕಿಡ್ ಕುಂಡಗಳೂ ಕಾಣಸಿಗುತ್ತವೆ. ಕರಾವಳಿ ಮತ್ತು ಮಲೆನಾಡಿನಿಂದ ಬಂದವರಿಗಂತೂ ಈ ಗಿಡ ಹೊಸದಲ್ಲ. ಮುಂಗಾರು ಹತ್ತಿರವಾದಾಗ ಹಲಸು, ಮಾವಿನ ಮರಗಳ ಕೊಂಬೆಗಳಿಂದ ನರಿಬಾಲದಂತೆ ಇಳಿಬೀಳುವ ಸೀತಾಳೆ ದಂಡೆಯನ್ನು ಅವರು ಬಾಲ್ಯದಿಂದಲೇ ಕಂಡಿದ್ದಾರೆ. ಅದೇ ಹೂವು ಅಸ್ಸಾಂ ರಾಜ್ಯದ ರಾಜ್ಯಪುಷ್ಪವೂ ಹೌದು. ಥಾಣೆ ಸೀಮೆಯ ಕಾಡುಗಳಲ್ಲಿಯೂ ಅದು ಬೆಳೆಯುತ್ತದೆ.

ಮರದ ಮೇಲಿನ ಪಾಠ

ತಕ್ಕ ಕುಂಡ ಯಾವುದೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಹಲಸಿನ ಮರವನ್ನು ನೆನೆಯಬೇಕು. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಬದನಿಕೆಯೆಂದು ಭಾವಿಸುವವರಿದ್ದಾರೆ. ಬದನಿಕೆಯು ಮರದೊಳಕ್ಕೆ ಬೇರನ್ನು ಇಳಿಸಿ ಅದರ ರಸವನ್ನು ಹೀರುವ ಗಿಡ. ಆರ್ಕಿಡ್ ಹಾಗಲ್ಲ. ಅದು ಮರದಿಂದ ಆಶ್ರಯವನ್ನಷ್ಟೇ ಪಡೆಯುತ್ತದೆ. ಅದರ ಬೇರುಗಳು ತೊಗಟೆಯನ್ನು ಅಪ್ಪಿಕೊಂಡಿರುತ್ತವೆ, ಇಲ್ಲವೇ ಗಾಳಿಯಲ್ಲಿ ತೂಗಾಡುತ್ತಿರುತ್ತವೆ. ಮಳೆ ಬಂದಾಗ ಬೇರು ತೊಯ್ಯುತ್ತದೆ. ಮಳೆ ನಿಂತು ಗಾಳಿ ಬೀಸಿದೊಡನೆ ಒಣಗುತ್ತದೆ. ತೊಯ್ಯುವುದು ಮತ್ತು ಒಣಗುವುದು ಎಂಬ ಈ ಎರಡು ಕ್ರಿಯೆಗಳ ನಡುವೆಯೇ ಅದರ ಜೀವನ ಸಾಗುತ್ತದೆ.

ಇದಕ್ಕೆ ಹೊಂದುವಂತೆ ಬೇರಿನ ರಚನೆಯೂ ಇದೆ. ಅದರ ಸುತ್ತ ಬಿಳಿಯ ಬೂದು ಬಣ್ಣದ, ಹೀರುಕಾಗದದಂಥ ಒಂದು ಹೊದಿಕೆಯಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ವೆಲಮೆನ್ ಎಂಬ ಹೆಸರಿದೆ. ನೀರು ಬಿದ್ದ ಕೂಡಲೇ ಈ ಹೊದಿಕೆಯು ಅದನ್ನು ಹೀರಿಕೊಂಡು ಪಾರದರ್ಶಕವಾಗುತ್ತದೆ. ಆಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಒಣಗಿದೊಡನೆ ಮತ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹೀರುಕಾಗದವು ಸದಾ ನೀರಿನಲ್ಲಿಯೇ ಮುಳುಗಿದ್ದರೆ ಬೇರಿಗೆ ಗಾಳಿ ದೊರೆಯುವುದಿಲ್ಲ. ಉಸಿರಾಟಕ್ಕೆ ಬೇಕಾದ ಆಮ್ಲಜನಕವಿಲ್ಲದೆ ಬೇರಿನ ಜೀವಕೋಶಗಳು ಸಾಯುತ್ತವೆ. ಸತ್ತ ಭಾಗಕ್ಕೆ ಶಿಲೀಂಧ್ರಗಳು ಮತ್ತು ಬ್ಯಾಕ್ಟೀರಿಯಾಗಳು ತಗಲಿಕೊಳ್ಳುತ್ತವೆ. ಆದ್ದರಿಂದ ಆರ್ಕಿಡ್ ಕುಂಡವೆಂದರೆ ಮಣ್ಣನ್ನು ತುಂಬಿಡುವ ಪಾತ್ರೆಯಲ್ಲ. ಬೇರಿಗೆ ಆಧಾರವನ್ನೂ ಗಾಳಿಯನ್ನೂ ಒಟ್ಟಿಗೆ ಕೊಡುವ ಒಂದು ಕೃತಕ ಕೊಂಬೆ.

ಜಮಖಾನೆ ಮತ್ತು ಪಂಚೆ

ಭಿವಂಡಿಯು ವಿದ್ಯುತ್ ಮಗ್ಗಗಳ ಊರು. ಆಷಾಢ, ಶ್ರಾವಣಗಳಲ್ಲಿ ಅಲ್ಲಿ ಬಟ್ಟೆ ಒಣಗಿಸುವ ಕಷ್ಟ ಪ್ರತಿಯೊಂದು ಮನೆಗೂ ಗೊತ್ತು. ತೆಳುವಾದ ಪಂಚೆಯು ಗಾಳಿಗೆ ಹೇಗೋ ಒಣಗುತ್ತದೆ. ದಪ್ಪ ಜಮಖಾನೆಯಾದರೋ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿದು, ಮೂರನೆಯ ದಿನಕ್ಕೆ ಮುಗ್ಗುಲು ವಾಸನೆಯನ್ನು ಬೀರುತ್ತದೆ. ಚಿಕ್ಕ ಕುಂಡಕ್ಕೂ ದೊಡ್ಡ ಕುಂಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಕುಂಡವು ಅಂಚಿನಿಂದ ಒಳಮುಖವಾಗಿ ಒಣಗುತ್ತ ಬರುತ್ತದೆ. ನಡುಭಾಗ ಕೊನೆಗೆ ಒಣಗುತ್ತದೆ. ಗಿಡದ ಬುಡ ಇರುವುದು ಆ ನಡುಭಾಗದಲ್ಲಿಯೇ.

ಸ್ವಲ್ಪ ಲೆಕ್ಕ ಮಾಡಿದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 10 ಸೆಂಟಿಮೀಟರ್ ಬಾಯಿಯ, ಅಂದರೆ ಸುಮಾರು 4 ಅಂಗುಲದ ಒಂದು ಕುಂಡವಿದೆಯೆಂದು ಭಾವಿಸಬಹುದು. ಅದೇ ಆಕಾರದ 15 ಸೆಂಟಿಮೀಟರ್ ಕುಂಡವು ನೋಡಲು ಕೊಂಚ ಮಾತ್ರ ದೊಡ್ಡದು. ಆದರೆ ಅದರೊಳಗೆ ಹಿಡಿಯುವ ವಸ್ತು ಸುಮಾರು ಮೂರೂವರೆ ಪಟ್ಟಿನಷ್ಟಾಗುತ್ತದೆ. 20 ಸೆಂಟಿಮೀಟರ್ ಕುಂಡವಾದರೆ ಎಂಟು ಪಟ್ಟು. ಗಿಡದ ಬೇರುಗಳು ಮಾತ್ರ ಮೊದಲು ಇದ್ದಷ್ಟೇ ಇರುತ್ತವೆ. ಅವು ಕುಡಿಯಲಾರದಷ್ಟು ನೀರು ಅವುಗಳ ಸುತ್ತ ನಿಂತಿರುತ್ತದೆ. ಬಿಸಿಲಿನ ದಿನಗಳಲ್ಲಿ ಇದರ ದೋಷ ಅಷ್ಟಾಗಿ ಕಾಣಿಸದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವದಿಂದ ತುಂಬಿರುವ ಕೊಂಕಣದಲ್ಲಿ ಆ ಕುಂಡದ ನಡುಭಾಗವು ವಾರಗಟ್ಟಲೆ ಒಣಗುವುದೇ ಇಲ್ಲ.

ಇಲ್ಲಿಂದ ಮುಂದೆ ನಡೆಯುವುದು ಒಂದು ವಿಷಾದದ ಪ್ರಸಂಗ. ಬೇರು ಕೊಳೆತ ಗಿಡವು ನೀರನ್ನು ಹೀರಲಾರದು. ಅದರ ಎಲೆಗಳು ಬಾಡಿ ಸುಕ್ಕುಗಟ್ಟುತ್ತವೆ. ಕಂಡವರು ಅದನ್ನು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರೆರೆಯುತ್ತಾರೆ. ಉಳಿದಿದ್ದ ಬೇರುಗಳೂ ಕೊಳೆಯುತ್ತವೆ. ಗಿಡವು ಅಲಕ್ಷ್ಯದಿಂದ ಸತ್ತಿತೆಂದು ಮನೆಯವರು ಕೊರಗುತ್ತಾರೆ. ವಾಸ್ತವದಲ್ಲಿ ಅದು ಸತ್ತದ್ದು ಅತಿಯಾದ ಅಕ್ಕರೆಯಿಂದ.

ಈ ತಪ್ಪು ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಭಾರತದಿಂದಲೂ ಅಮೆರಿಕದ ಉಷ್ಣವಲಯದಿಂದಲೂ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋದ ಆರ್ಕಿಡ್‌ಗಳು ಅಪಾರ ಸಂಖ್ಯೆಯಲ್ಲಿ ನಾಶವಾದವು. ಅವುಗಳನ್ನು ಗಾಳಿಯಾಡದ, ಬಿಸಿಯಾದ, ಸದಾ ತೇವವಾಗಿರುವ ಗಾಜಿನ ಮನೆಗಳಲ್ಲಿ, ಸಾಮಾನ್ಯ ಗಿಡಗಳಂತೆಯೇ ಬೆಳೆಸಲು ಯತ್ನಿಸಿದ್ದೇ ಇದಕ್ಕೆ ಕಾರಣ. ಆ ದೇಶವು ಆರ್ಕಿಡ್‌ಗಳಿಗೆ ಶ್ಮಶಾನವಾಯಿತೆಂಬ ಮಾತು ಅಲ್ಲಿಯೇ ಹುಟ್ಟಿಕೊಂಡಿತು. 1830ರ ದಶಕದಲ್ಲಿ ಚಾಟ್ಸ್‌ವರ್ತ್ ಉದ್ಯಾನದ ಜೋಸೆಫ್ ಪ್ಯಾಕ್ಸ್‌ಟನ್ ಅವರು ಗಾಜಿನ ಮನೆಯೊಳಕ್ಕೆ ಗಾಳಿಯನ್ನು ಬಿಟ್ಟು, ಆಯಾ ಗಿಡದ ಮೂಲಸ್ಥಾನಕ್ಕೆ ತಕ್ಕ ಹವೆಯನ್ನು ಕಲ್ಪಿಸಿದಾಗ ಪರಿಸ್ಥಿತಿ ಸುಧಾರಿಸಿತು. ಅಂದು ಗಾಜಿನ ಮನೆಗೆ ಅನ್ವಯಿಸಿದ ನಿಯಮವೇ ಇಂದು ಕುಂಡಕ್ಕೂ ಅನ್ವಯಿಸುತ್ತದೆ.

ಅಳೆಯಬೇಕಾದದ್ದು ಬೇರನ್ನು

ಕುಂಡವನ್ನು ಆರಿಸುವಾಗ ಎಲೆಗಳ ಹರಹನ್ನಾಗಲೀ ಗಿಡದ ಎತ್ತರವನ್ನಾಗಲೀ ನೋಡಬಾರದು. ಬೇರಿನ ಗಾತ್ರವನ್ನೇ ನೋಡಬೇಕು. ಗಿಡವನ್ನು ಹಳೆಯ ಕುಂಡದಿಂದ ಮೆಲ್ಲನೆ ಬಿಡಿಸಿ, ಹಳೆಯ ಮಿಶ್ರಣವನ್ನೆಲ್ಲ ಉದುರಿಸಿ ತೆಗೆಯಬೇಕು. ಬೆರಳಿನಿಂದ ಒತ್ತಿ ನೋಡಿದಾಗ ಗಟ್ಟಿಯಾಗಿರುವ ಬೇರು ಜೀವಂತವಾದದ್ದು. ಮೆತ್ತಗಾಗಿರುವ, ಟೊಳ್ಳಾಗಿರುವ, ಎಳೆದರೆ ಸಿಪ್ಪೆ ಕಳಚಿ ನಡುವಿನ ದಾರ ಮಾತ್ರ ಉಳಿಯುವ ಬೇರುಗಳು ಸತ್ತವು. ಅವುಗಳನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಒಂದು ಗಿಡದ ರಸದಿಂದ ಇನ್ನೊಂದಕ್ಕೆ ವೈರಸ್ ರೋಗ ಹರಡುವುದರಿಂದ ಪ್ರತಿ ಗಿಡಕ್ಕೂ ಕತ್ತರಿಯನ್ನು ಮತ್ತೆ ಶುದ್ಧಿಗೊಳಿಸುವುದು ಅವಶ್ಯಕ.

ಉಳಿದ ಬೇರುಗಳನ್ನು ಸಡಿಲವಾಗಿ ಒಟ್ಟುಗೂಡಿಸಿದಾಗ ಅವು ಯಾವ ಕುಂಡದಲ್ಲಿ ಕುಳಿತು, ಸುತ್ತಲೂ ಒಂದು ಬೆರಳಿನ ಅಗಲದಷ್ಟು ಮಾತ್ರ ಜಾಗ ಉಳಿಯುವುದೋ ಆ ಕುಂಡವೇ ತಕ್ಕ ಕುಂಡ. ಬಹುತೇಕ ಸಂದರ್ಭಗಳಲ್ಲಿ ಇದು ಹಳೆಯದಕ್ಕಿಂತ 2ರಿಂದ 3 ಸೆಂಟಿಮೀಟರ್‌ನಷ್ಟು ಮಾತ್ರ ದೊಡ್ಡದಾಗಿರುತ್ತದೆ. ಎಷ್ಟೋ ಸಲ ಹಳೆಯ ಕುಂಡವನ್ನೇ ತೊಳೆದು, ಹೊಸ ಮಿಶ್ರಣದೊಂದಿಗೆ ಮತ್ತೆ ಬಳಸಬಹುದು. ಅರ್ಧಕ್ಕರ್ಧ ಬೇರು ಕೊಳೆತು ಹೋಗಿದ್ದರೆ ಹಳೆಯದಕ್ಕಿಂತ ಚಿಕ್ಕ ಕುಂಡಕ್ಕೆ ಇಳಿಸಬೇಕು. ಹಾಗೆ ಇಳಿಸುವಾಗ ಮನಸ್ಸು ಹಿಂಜರಿಯುವುದು ಸಹಜ. ಆದರೆ ಸುಕ್ಕುಗಟ್ಟಿದ ಗಿಡ ಚೇತರಿಸಿಕೊಳ್ಳಲು ಇರುವ ಉತ್ತಮ ಮಾರ್ಗ ಅದೇ.

ಗಿಡದ ಬೆಳವಣಿಗೆಯ ಕ್ರಮವನ್ನೂ ಗಮನಿಸಬೇಕು. ಈ ದೃಷ್ಟಿಯಿಂದ ಆರ್ಕಿಡ್‌ಗಳಲ್ಲಿ ಎರಡು ಬಗೆಗಳಿವೆ. ಒಂದೇ ಕಾಂಡವು ಮೇಲ್ಮುಖವಾಗಿ ಬೆಳೆಯುತ್ತ ಹೋಗುವುದು ಮೊದಲನೆಯ ಬಗೆ. ಹೂವಿನ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ, ಪತಂಗದಂಥ ಹೂವಿನ ಫಲನೋಪ್ಸಿಸ್ ಈ ಬಗೆಗೆ ಸೇರಿದೆ. ಅದು ಅಕ್ಕಪಕ್ಕಕ್ಕೆ ಸರಿಯದ ಕಾರಣ ಕುಂಡದ ನಡುವೆ ನೆಡಬೇಕು. ಮೇಲೆ ಹೇಳಿದ ಬೆರಳಿನ ಅಳತೆ ಅದಕ್ಕೆ ಸಾಕು.

ನೆಲಮಟ್ಟದಲ್ಲಿ ತೆವಳುತ್ತ, ವರ್ಷಕ್ಕೊಂದೆರಡು ಹೊಸ ಕಾಂಡಗಳನ್ನು ಮುಂದೆ ಮುಂದೆ ಹೊರಡಿಸುವುದು ಎರಡನೆಯ ಬಗೆ. ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂಗಳು ಇಂಥವು. ಇಲ್ಲಿ ಇನ್ನೊಂದು ಅಳತೆ ಬೇಕಾಗುತ್ತದೆ. ಕಳೆದ ವರ್ಷದ ಕಾಂಡಕ್ಕೂ ಈ ವರ್ಷದ ಕಾಂಡಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನೋಡಿ, ಅದರ ಎರಡರಷ್ಟು ಜಾಗವನ್ನು ಗಿಡದ ಮುಂಭಾಗದಲ್ಲಿ ಬಿಡಬೇಕು. ಎರಡು ಕಾಂಡಗಳ ನಡುವೆ 2 ಸೆಂಟಿಮೀಟರ್ ಅಂತರವಿದ್ದರೆ ಮುಂದೆ 4 ಸೆಂಟಿಮೀಟರ್ ಸಾಕು. ಕ್ಯಾಟ್ಲಿಯಾದಲ್ಲಿ ಆ ಅಂತರ 4 ಸೆಂಟಿಮೀಟರ್ ಇದ್ದರೆ 8 ಸೆಂಟಿಮೀಟರ್ ಬೇಕು. ಹಳೆಯ ಕಾಂಡಗಳ ಭಾಗವನ್ನು ಕುಂಡದ ಅಂಚಿಗೆ ಒರಗಿಸಿ ನೆಡಬೇಕು. ಹೀಗೆ ನೆಟ್ಟ ಗಿಡಕ್ಕೆ ಎರಡು ವರ್ಷಗಳವರೆಗೆ ಕುಂಡದ ಚಿಂತೆಯಿಲ್ಲ. ಎರಡು ವರ್ಷಗಳೊಳಗೆ ಮಿಶ್ರಣವೂ ಹಳತಾಗುವುದರಿಂದ ಅದಕ್ಕಿಂತ ಹೆಚ್ಚಿನ ಜಾಗವನ್ನು ಬಿಡುವುದರಿಂದ ಲಾಭವಿಲ್ಲ.

ಎತ್ತರದ ಡೆಂಡ್ರೋಬಿಯಂ ಚಿಕ್ಕ ಕುಂಡದಲ್ಲಿ ಉರುಳಿ ಬೀಳುತ್ತದೆಂದು ಹಲವರು ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸುತ್ತಾರೆ. ಉರುಳುವುದಕ್ಕೆ ಪರಿಹಾರ ಭಾರವೇ ಹೊರತು ಅಗಲವಲ್ಲ. ತಳದಲ್ಲಿ ಕೆಲವು ಕಲ್ಲುಗಳನ್ನಿಡುವುದು, ಗಿಡಕ್ಕೆ ಊರುಗೋಲನ್ನು ಕಟ್ಟುವುದು, ಚಿಕ್ಕ ಕುಂಡವನ್ನು ತೂತುಗಳಿರುವ ಭಾರವಾದ ಹೊರಕುಂಡದಲ್ಲಿ ನಿಲ್ಲಿಸುವುದು ಇವುಗಳಲ್ಲಿ ಯಾವುದನ್ನಾದರೂ ಮಾಡಬಹುದು.

ವ್ಯಾಂಡಾ ಗಿಡಕ್ಕೆ ಕುಂಡವೇ ಬೇಕಿಲ್ಲ. ಮರದ ಪಟ್ಟಿಗಳ ಬುಟ್ಟಿಯಲ್ಲಿ ಬರಿಯ ಬೇರನ್ನು ತೂಗುಬಿಟ್ಟರೆ ಸಾಕು. ಬುಟ್ಟಿ ಚಿಕ್ಕದಾದಾಗ ಬೇರನ್ನು ಕೀಳದೆ, ಹಳೆಯ ಬುಟ್ಟಿಯ ಸಮೇತ ಅದನ್ನು ಇನ್ನೊಂದು ಬುಟ್ಟಿಯಲ್ಲಿ ಕೂರಿಸಬೇಕು. ವ್ಯಾಂಡಾ ಎಂಬ ಹೆಸರು ಸಂಸ್ಕೃತದಿಂದಲೇ ಸಸ್ಯಶಾಸ್ತ್ರಕ್ಕೆ ಹೋದದ್ದು. ಸರ್ ವಿಲಿಯಂ ಜೋನ್ಸ್ ಅವರು 1795ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಈ ಹೆಸರನ್ನು ಬಳಸಿದ್ದರು. ಇದಕ್ಕೆ ವ್ಯತಿರಿಕ್ತವಾಗಿ, ಸ್ಪಾಥೊಗ್ಲಾಟಿಸ್‌ನಂಥ ನೆಲದ ಆರ್ಕಿಡ್‌ಗಳು ನೀರು ಬಸಿಯುವ ಮಣ್ಣಿನ ಮಿಶ್ರಣದಲ್ಲಿ, ತುಸು ಅಗಲವಾದ ಕುಂಡಗಳಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದುದರಿಂದ ಗಿಡವು ಯಾವ ಬಗೆಯದೆಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಕುಂಡದ ಮೈ ಮತ್ತು ಒಡಲು

ಅಗಲದ ಜೊತೆಗೆ ಆಳವನ್ನೂ ನೋಡಬೇಕು. ಕುಂಡದ ಎತ್ತರವು ಬಾಯಿಯ ಅಗಲಕ್ಕಿಂತ ಹೆಚ್ಚಾಗಬಾರದು. ಆಳವಾದ ಕುಂಡದ ತಳದಲ್ಲಿ ನೀರು ಉಳಿಯುತ್ತದೆ. ತಳದಲ್ಲಿ ಹಲವು ತೂತುಗಳಿರಬೇಕು. ಪಕ್ಕದಲ್ಲಿಯೂ ಸೀಳುಗಳಿದ್ದರೆ ಇನ್ನೂ ಒಳ್ಳೆಯದು. ಸುಟ್ಟ ಮಣ್ಣಿನ ಕುಂಡದ ಮೈಯಿಂದಲೂ ತೇವ ಆರುವುದರಿಂದ ಮಳೆಗಾಲಕ್ಕೆ ಅದು ಹಿತಕರ. ಪ್ಲಾಸ್ಟಿಕ್ ಕುಂಡದಲ್ಲಿ ತೇವ ಹೆಚ್ಚು ಕಾಲ ನಿಲ್ಲುವ ಕಾರಣ ಅಳತೆಯಲ್ಲಿ ಇನ್ನಷ್ಟು ಬಿಗಿ ಇರಬೇಕು. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಬೇರಿನ ಬಣ್ಣವನ್ನು ಹೊರಗಿನಿಂದಲೇ ನೋಡಬಹುದೆಂಬ ಅನುಕೂಲವಿದೆ: ಬೇರು ಹಸಿರಾಗಿದ್ದರೆ ನೀರು ಬೇಡ, ಬೂದಾಗಿದ್ದರೆ ಬೇಕು.

ಕುಂಡದೊಳಗೆ ತುಂಬುವ ವಸ್ತುಗಳಿಗಾಗಿ ದೂರ ಹೋಗಬೇಕಾಗಿಲ್ಲ. ಇದ್ದಿಲು, ಇಟ್ಟಿಗೆ ಚೂರು, ಹೆಂಚಿನ ಚೂರು, ತೆಂಗಿನ ಸಿಪ್ಪೆ ಇವೇ ಸಾಕು. ಭಿವಂಡಿ ಮತ್ತು ಕಲ್ಯಾಣ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಟ್ಟಿಗೆ ಗೂಡುಗಳಿರುವುದರಿಂದ ಒಡೆದ ಇಟ್ಟಿಗೆಗೆ ಅಲ್ಲಿ ಕೊರತೆಯಿಲ್ಲ. ತೆಂಗಿನ ಸಿಪ್ಪೆಯನ್ನು ಹಲವು ಬಾರಿ ನೀರು ಬದಲಾಯಿಸಿ ನೆನೆಸಿಟ್ಟು, ಅದರಲ್ಲಿರುವ ಉಪ್ಪು ಮತ್ತು ಒಗರನ್ನು ಕಳೆದು ಬಳಸಬೇಕು. ಮಳೆಯ ಎರಚಲು ಬೀಳುವ ಸ್ಥಳಗಳಲ್ಲಿ ಇದ್ದಿಲು ಮತ್ತು ಇಟ್ಟಿಗೆಯ ಪ್ರಮಾಣ ಹೆಚ್ಚಾಗಿರಲಿ, ಸಿಪ್ಪೆ ಕಡಿಮೆಯಿರಲಿ. ಚಿಕ್ಕ ಕುಂಡಕ್ಕೆ ಚಿಕ್ಕ ಚೂರುಗಳನ್ನೂ ದೊಡ್ಡದಕ್ಕೆ ದೊಡ್ಡ ಚೂರುಗಳನ್ನೂ ಬಳಸುವುದು ರೂಢಿ.

ಆರಿಸಿದ ಅಳತೆ ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸಲು ಉರಿದು ಉಳಿದ ಊದುಬತ್ತಿಯ ಕಡ್ಡಿಯೊಂದು ಸಾಕು. ಅದನ್ನು ಮಿಶ್ರಣದೊಳಗೆ ನಡುಭಾಗದವರೆಗೆ ಇಳಿಸಿ, ಸ್ವಲ್ಪ ಹೊತ್ತಿನ ಮೇಲೆ ತೆಗೆದು ಕೆನ್ನೆಗೆ ತಾಗಿಸಿ ನೋಡಬೇಕು. ಬಿಸಿಲಿನ ದಿನಗಳಲ್ಲಿ ನೀರೆರೆದ ಮೂರು ನಾಲ್ಕು ದಿನಗಳಿಗೆ ಕಡ್ಡಿ ಬಹುಮಟ್ಟಿಗೆ ಒಣಗಿ ಬಂದರೆ ಅಳತೆ ಸರಿಯಾಗಿದೆಯೆಂದು ತಿಳಿಯಬಹುದು. ವಾರ ಕಳೆದರೂ ಹಸಿಯಾಗಿಯೇ ಬಂದರೆ, ಒಂದೋ ಕುಂಡ ದೊಡ್ಡದು, ಇಲ್ಲವೇ ಮಿಶ್ರಣ ಕೊಳೆತು ಪುಡಿಯಾಗಿದೆ.

ಯಾವಾಗ ಬದಲಾಯಿಸಬೇಕು

ಕುಂಡದ ಹೊರಗೆ ನಾಲ್ಕು ಬೇರುಗಳು ಚಾಚಿಕೊಂಡ ಮಾತ್ರಕ್ಕೆ ಕುಂಡ ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬಾರದು. ಗಾಳಿಗೆ ಬೇರು ಚಾಚುವುದು ಆರ್ಕಿಡ್‌ನ ಸ್ವಭಾವ. ಮಿಶ್ರಣವು ಪುಡಿಯಾಗಿ ಮುಗ್ಗುಲು ವಾಸನೆ ಬಂದಾಗ, ಹೊಸ ಕಾಂಡವು ಕುಂಡದ ಅಂಚನ್ನು ದಾಟಿದಾಗ, ಅಥವಾ ಬೇರುಗಳೇ ಒತ್ತರಿಸಿ ಗಿಡವನ್ನು ಮೇಲೆತ್ತಿದಾಗ ಬದಲಾಯಿಸಬೇಕು. ಹೂವಿರುವಾಗ ಬೇರನ್ನು ಮುಟ್ಟಬಾರದು. ಹೂವು ಮುಗಿದು, ಬುಡದಲ್ಲಿ ಹೊಸ ಬೇರಿನ ಹಸಿರು ತುದಿಗಳು ಕಾಣಿಸಿಕೊಂಡ ಸಮಯವೇ ಪ್ರಶಸ್ತ. ಥಾಣೆ ಸೀಮೆಯ ಹವೆಯಲ್ಲಿ ಈ ಕೆಲಸವನ್ನು ಬೇಸಿಗೆಯಲ್ಲಿಯೇ, ಮಳೆ ಹಿಡಿಯುವುದಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಮುಗಿಸುವುದು ಕ್ಷೇಮ. ಗಾಯಗೊಂಡ ಬೇರು ಮಾಯುವ ಮುನ್ನವೇ ಮಳೆಗಾಲ ಬಂದರೆ ತಕ್ಕ ಕುಂಡವೂ ಗಿಡವನ್ನು ಉಳಿಸಲಾರದು.

ನೆಟ್ಟ ಮೇಲೆ ಗಿಡ ಅಲುಗಾಡದಂತೆ ಕಡ್ಡಿಗೆ ಕಟ್ಟಬೇಕು. ಅಲುಗಾಡುವ ಗಿಡದ ಹೊಸ ಬೇರಿನ ತುದಿಗಳು ಚೂರುಗಳಿಗೆ ತಗಲಿ ಮುರಿಯುತ್ತವೆ. ಕೆಲವು ದಿನಗಳ ಕಾಲ ನೆರಳಿನಲ್ಲಿಟ್ಟು, ಎಲೆಗಳಿಗೆ ನೀರಿನ ತುಂತುರನ್ನು ಮಾತ್ರ ಸಿಂಪಡಿಸಬೇಕು. ಹೊಸ ಬೇರು ಚಿಗುರುವವರೆಗೆ ಗೊಬ್ಬರ ಬೇಡ.

ಕುಂಡದಾಚೆಯ ಕಾಡು

ಇಷ್ಟೆಲ್ಲ ಎಚ್ಚರಿಕೆ ಒಂದು ಹೂಗಿಡಕ್ಕೆ ಏಕೆ ಎಂಬ ಪ್ರಶ್ನೆ ಏಳಬಹುದು. ಪ್ರಯೋಗಾಲಯದಲ್ಲಿ ಮೊಳೆಸಿದ ಆರ್ಕಿಡ್ ಸಸಿಯು ಮೊದಲ ಹೂವನ್ನು ಬಿಡಲು ಹಲವು ವರ್ಷಗಳು ಬೇಕು. ಕಾಡಿನ ಗಿಡದ ಪಾಡು ಇದಕ್ಕಿಂತ ಕಠಿಣ. ಧೂಳಿನಷ್ಟು ಸೂಕ್ಷ್ಮವಾದ ಅದರ ಬೀಜವು ತಕ್ಕ ಶಿಲೀಂಧ್ರದ ನೆರವು ದೊರೆತಲ್ಲಿ ಮಾತ್ರ ಮೊಳೆಯುತ್ತದೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ನಮ್ಮ ದೇಶದಲ್ಲಿ 1,256 ಪ್ರಭೇದಗಳ ಆರ್ಕಿಡ್‌ಗಳಿವೆ. ಅವುಗಳಲ್ಲಿ 388 ಪ್ರಭೇದಗಳು ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಭಿವಂಡಿಯ ಆಸುಪಾಸಿನಲ್ಲಿಯೇ ಇರುವ ತುಂಗಾರೇಶ್ವರ ಮತ್ತು ತಾನ್ಸಾ ಅಭಯಾರಣ್ಯಗಳ ಮರಗಳೂ ಆರ್ಕಿಡ್‌ಗಳಿಗೆ ಆಶ್ರಯ ನೀಡಿವೆ. 1892ರಿಂದ ಮುಂಬಯಿಗೆ ನೀರುಣಿಸುತ್ತ ಬಂದಿರುವ ತಾನ್ಸಾ ಜಲಾಶಯವನ್ನು ಕಾಯುವ ಕಾಡು ಅದು.

ಕುಂಡದಲ್ಲಿ ಒಂದು ಗಿಡ ಸತ್ತರೆ ಅದರ ಸ್ಥಾನಕ್ಕೆ ಇನ್ನೊಂದು ಬರುತ್ತದೆ. ಆ ಇನ್ನೊಂದು ಎಲ್ಲಿಂದ ಬಂದಿತೆಂಬುದು ಮುಖ್ಯ. ಕೊಂಬೆಯ ಸಮೇತ ಕಿತ್ತು ತಂದು ದಾರಿಯ ಬದಿಯಲ್ಲಿ ಮಾರುವ ಕಾಡಿನ ಗಿಡವನ್ನು ಕೊಳ್ಳಬಾರದು. ಅಭಯಾರಣ್ಯದಿಂದ ಗಿಡಗಳನ್ನು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ ಇಡೀ ಆರ್ಕಿಡ್ ಕುಟುಂಬವನ್ನು ಸೇರಿಸಲಾಗಿದೆ. ಅಷ್ಟಾಗಿ ಕಾಡಿನ ಗಿಡವನ್ನು ಕೀಳುವ ಅಗತ್ಯವೇ ಇಲ್ಲ. 1922ರಲ್ಲಿ ಲೂಯಿಸ್ ನಡ್ಸನ್ ಅವರು ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆಯುಳ್ಳ ಮಾಧ್ಯಮದಲ್ಲಿ ಆರ್ಕಿಡ್ ಬೀಜವನ್ನು ಮೊಳೆಸುವ ವಿಧಾನವನ್ನು ಪ್ರಕಟಿಸಿದರು. 1960ರಲ್ಲಿ ಜಾರ್ಜ್ ಮೊರೆಲ್ ಅವರು ಅಂಗಾಂಶ ಕೃಷಿಯ ದಾರಿಯನ್ನು ತೋರಿಸಿದರು. ಅಂದಿನಿಂದ ಸಸ್ಯಕ್ಷೇತ್ರಗಳಲ್ಲಿಯೇ ಗಿಡಗಳನ್ನು ಬೇಕಾದಷ್ಟು ಬೆಳೆಸುವುದು ಸಾಧ್ಯವಾಗಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1996ರಲ್ಲಿ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ ಆರ್ಕಿಡ್‌ಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು ಆರಂಭಿಸಿತು.

ಕುಂಡದ ಅಳತೆ ಸಣ್ಣ ವಿಷಯವೆಂದು ತೋರಬಹುದು. ಆದರೆ ತಕ್ಕ ಕುಂಡದಲ್ಲಿ ನೆಟ್ಟ ಒಂದು ಡೆಂಡ್ರೋಬಿಯಂ ಹಲವು ವರ್ಷ ಬಾಳಿ, ಬುಡದಲ್ಲಿ ಮರಿಗಳನ್ನು ಹೊರಡಿಸಿ, ನೆರೆಮನೆಗೂ ಒಂದು ಗಿಡವನ್ನು ಕೊಡುವಷ್ಟು ಸಮೃದ್ಧವಾಗಬಲ್ಲದು. ಹಾಗೆ ಹಂಚಿ ಬೆಳೆಸಿದ ಪ್ರತಿಯೊಂದು ಗಿಡವೂ ಮರದ ಮೇಲಿನ ಒಂದು ಗಿಡವನ್ನು ಮರದ ಮೇಲೆಯೇ ಉಳಿಸುತ್ತದೆ. ಹಿರಿಯರು ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹೇಳಿದರು. ಆರ್ಕಿಡ್‌ನ ವಿಷಯದಲ್ಲಿ ಆ ಮಾತನ್ನು ತಿರುಗಿಸಿ ಹೇಳಬೇಕಾಗಿದೆ: ಕಾಲು ಎಷ್ಟಿದೆಯೋ ಅಷ್ಟೇ ಹಾಸಿಗೆಯನ್ನು ಹಾಸಬೇಕು.